ಹೋದ ವರ್ಷ ತುಂಬಿದ್ದ ಹೂಗಿಡಗಳು ಈ ಮಳೆಗೆ ಹುಟ್ಟಲೇ ಇಲ್ಲ, ಯಾಕೆ?

ಪ್ರಶ್ನೆ (ಚಿತ್ರದುರ್ಗದಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಚಿತ್ರದುರ್ಗದಲ್ಲಿ, ಜೋಗಿಮಟ್ಟಿ ಗುಡ್ಡದ ಕಾಡಿನ ಕಡೆಗೆ. ಮನೆ ಮುಂದೆ ಸ್ವಲ್ಪ ಖಾಲಿ ಜಾಗ ಇದೆ. ಕೆಂಪು ಮಣ್ಣು, ಒಂದು ಅಡಿ ಅಗೆದರೆ ಗರಸು ಸಿಗುತ್ತದೆ. ಹೋದ ಮಳೆಗಾಲದಲ್ಲಿ ಕರ್ಣಕುಂಡಲ, ಹಳದಿ ಕಾಸ್ಮಾಸ್, ಚೆಂಡು ಹೂ, ಸಂಜೆ ಮಲ್ಲಿಗೆ, ಕನಕಾಂಬರ ಹಾಕಿದ್ದೆ. ದಸರಾ ಹೊತ್ತಿಗೆ ಕಾಲಿಡಲು ಜಾಗ ಇಲ್ಲದ ಹಾಗೆ ತುಂಬಿತ್ತು. ಒಂದು ಸಲ ಹಾಕಿದರೆ ಸಾಕು, ಬೀಜ ಬಿದ್ದು ತಾನಾಗೇ ಹುಟ್ಟುತ್ತದೆ ಅಂತ ಎಲ್ಲರೂ ಹೇಳಿದ್ದರು. ಈಗ ಜೂನ್ ಕೊನೆಯ ಆರಿದ್ರಾ ಮಳೆಯೂ ಬಂತು. ಸಂಜೆ ಮಲ್ಲಿಗೆ ಮಾತ್ರ ಚಿಗುರಿದೆ. ಉಳಿದದ್ದು ಏನೂ ಇಲ್ಲ. ನಾನು ಕೆಲಸಕ್ಕೆ ಹೋಗುವವಳು, ದಿನಾ ಗಿಡ ನೋಡಿಕೊಳ್ಳಲು ಆಗುವುದಿಲ್ಲ. ಅದಕ್ಕೇ ಇಂಥ ಗಿಡಗಳನ್ನು ಆರಿಸಿದ್ದು. ಎಲ್ಲಿ ತಪ್ಪುತ್ತಿದೆ?

ಉತ್ತರ (ಹಿರಿಯೂರಿನಿಂದ)

ಮೇಡಂ, ಬೋರ್‌ವೆಲ್ ನೀರು ಹಾಕುತ್ತೀರಾ? ನಮ್ಮ ಕಡೆ ನೀರು ತುಂಬಾ ಗಡಸು. ಬೇಸಿಗೆಯಲ್ಲಿ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ದೊಡ್ಡ ಗಿಡ ತಡೆದುಕೊಳ್ಳುತ್ತದೆ, ಮೊಳಕೆ ತಡೆಯುವುದಿಲ್ಲ. ಮೊದಲು ಅದನ್ನು ನೋಡಿ.

ಉತ್ತರ (ಹೊಳಲ್ಕೆರೆಯಿಂದ)

ನೀರೂ ಒಂದು ಕಾರಣ ಇರಬಹುದು. ಆದರೆ ಮಳೆ ಬಿದ್ದ ಮೇಲೂ ಹುಟ್ಟಿಲ್ಲ ಅಂದರೆ ಬೇರೆ ಏನೋ ಇದೆ. ಕೆಲವು ವಿಷಯ ಹೇಳಿ. ಹೂ ಒಣಗಿದ ಮೇಲೆ ಗಿಡ ಏನು ಮಾಡಿದಿರಿ? ಮಣ್ಣು ಅಗೆಸಿದಿರಾ? ಮೇಲೆ ಏನಾದರೂ ಹೊದಿಸಿದ್ದೀರಾ? ಏಪ್ರಿಲ್ ಕೊನೆಯ ಭರಣಿ ಮಳೆಗೆ ಏನಾದರೂ ಹುಟ್ಟಿತ್ತಾ?

ಪ್ರಶ್ನೆ ಕೇಳಿದವರು

ದೀಪಾವಳಿ ಆದ ಮೇಲೆ ಒಣಗಿದ್ದನ್ನೆಲ್ಲ ಕಿತ್ತು, ಆಳಿನ ಕೈಲಿ ಗುದ್ದಲಿಯಿಂದ ಅಗೆಸಿ ಕೊಟ್ಟಿಗೆ ಗೊಬ್ಬರ ಸೇರಿಸಿದೆ. ತೇವ ಉಳಿಯಲಿ ಅಂತ ಚಳ್ಳಕೆರೆಯಿಂದ ಶೇಂಗಾ ಸಿಪ್ಪೆ ತರಿಸಿ ದಪ್ಪಗೆ ಹಾಸಿದ್ದೇನೆ. ಭರಣಿ ಮಳೆಗೆ ಕಾಂಪೌಂಡ್ ಪಕ್ಕ ಸಣ್ಣ ಸಣ್ಣ ಗಿಡ ಬಂದಿದ್ದವು. ಆಮೇಲೆ ಬಿಸಿಲಿಗೆ ಒಣಗಿ ಹೋದವು. ಕನಕಾಂಬರ ಬೇಸಿಗೆಯಲ್ಲೇ ಹೋಯಿತು, ಅದರ ಕೆಳಗೆ ಒಂದು ಸಸಿಯೂ ಹುಟ್ಟಲಿಲ್ಲ.

ಉತ್ತರ (ಹೊಳಲ್ಕೆರೆಯಿಂದ)

ಈಗ ಗೊತ್ತಾಯಿತು. ತರಕಾರಿ ಮಡಿಗೆ ಇವೆಲ್ಲ ಒಳ್ಳೆಯ ಕೆಲಸಗಳೇ. ತಾನಾಗೇ ಹುಟ್ಟುವ ಹೂಗಿಡಕ್ಕೆ ಇವೇ ಅಡ್ಡಿ.

ಬೀಜ ತನ್ನ ದಪ್ಪದ ಎರಡು ಮೂರು ಪಟ್ಟು ಆಳದಲ್ಲಿ ಇದ್ದರೆ ಸುಲಭವಾಗಿ ಮೇಲೆ ಬರುತ್ತದೆ. ಚೆಂಡು ಹೂ, ಕಾಸ್ಮಾಸ್ ಬೀಜ ಕಡ್ಡಿಯಷ್ಟು ಸಣ್ಣ. ಗುದ್ದಲಿಯಲ್ಲಿ ಮಗುಚಿದರೆ ಗೇಣುದ್ದ ಕೆಳಗೆ ಹೋಗುತ್ತದೆ. ಅಲ್ಲಿಂದ ಮೊಳಕೆ ಬೆಳಕು ಕಾಣುವುದು ಕಷ್ಟ. ಮೇಲೆ ಉಳಿದ ಬೀಜವನ್ನು ಶೇಂಗಾ ಸಿಪ್ಪೆ ತಡೆಯಿತು. ಕಳೆ ಬರಬಾರದು ಅಂತ ತಾನೇ ಸಿಪ್ಪೆ ಹಾಸುವುದು? ಹೂವಿನ ಬೀಜ ಯಾವುದು, ಕಳೆ ಬೀಜ ಯಾವುದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಸಂಜೆ ಮಲ್ಲಿಗೆ ಮಾತ್ರ ಬಂದದ್ದು ಯಾಕೆ ಅಂದರೆ, ಅದಕ್ಕೆ ನೆಲದೊಳಗೆ ಗೆಡ್ಡೆ ಇದೆ. ಮೇಲೆ ಒಣಗಿದರೂ ಮಳೆ ಬಿದ್ದ ತಕ್ಷಣ ಗೆಡ್ಡೆಯಿಂದ ಚಿಗುರುತ್ತದೆ. ಬೀಜದಿಂದಲೂ ಬರುತ್ತದೆ. ಮಕ್ಕಳಿದ್ದರೆ ಮಾತ್ರ ಹುಷಾರು. ಅದರ ಕಪ್ಪು ಬೀಜ ಮೆಣಸಿನ ಕಾಳಿನ ಹಾಗೇ ಕಾಣುತ್ತದೆ, ಬೀಜ ಮತ್ತು ಗೆಡ್ಡೆ ಎರಡೂ ವಿಷ.

ಕನಕಾಂಬರದ್ದು ಬೇರೆ ಕಥೆ. ನರ್ಸರಿಯಲ್ಲಿ ಡೆಲ್ಲಿ ಕನಕಾಂಬರ ಅಂತ ಕೊಟ್ಟಿದ್ದರಾ? ಒಳ್ಳೆಯ ಕಿತ್ತಳೆ ಬಣ್ಣ ಇರುತ್ತದೆ. ಆ ತಳಿ ಬೀಜ ಕಟ್ಟುವುದಿಲ್ಲ. ಕಡ್ಡಿ ನೆಟ್ಟೇ ಬೆಳೆಸಬೇಕು. ತಾನಾಗೇ ಹುಟ್ಟಬೇಕು ಅಂದರೆ ಹಳೇ ನಾಟಿ ಕನಕಾಂಬರ ಹುಡುಕಿ. ಅದರ ಒಣ ಕಾಯಿಗೆ ನೀರು ತಾಗಿದರೆ ಸಾಕು, ಪಟ್ ಅಂತ ಸಿಡಿದು ಬೀಜ ದೂರ ಹಾರುತ್ತದೆ. ಸುತ್ತಮುತ್ತ ಸಸಿಗಳು ಏಳುತ್ತವೆ. ಚೆಂಡು ಹೂ ಕೂಡ ಪ್ಯಾಕೆಟ್ಟಿನ ಹೈಬ್ರಿಡ್ ಆಗಿದ್ದರೆ ಬೀಜ ಸರಿಯಾಗಿ ಕಟ್ಟದೇ ಇರಬಹುದು. ಕಟ್ಟಿದರೂ ಅದೇ ಹೂವು ಬರುತ್ತದೆ ಅನ್ನಲು ಆಗುವುದಿಲ್ಲ.

ಹೊಸ ಬೀಜ ತರುವ ಮುಂಚೆ ಒಂದು ಪರೀಕ್ಷೆ ಮಾಡಿ. ಅಗೆದ ಕಡೆಯಿಂದ ಒಂದು, ಕಾಂಪೌಂಡ್ ಪಕ್ಕ ಅಗೆಯದ ಕಡೆಯಿಂದ ಒಂದು, ಹೀಗೆ ಎರಡು ಟ್ರೇಯಲ್ಲಿ ಮೇಲಿನ ಒಂದು ಇಂಚು ಮಣ್ಣು ತುಂಬಿ. ಸಿಪ್ಪೆ ತೆಗೆದಿರಬೇಕು. ಹಿಡಿದಿಟ್ಟ ಮಳೆ ನೀರನ್ನೇ ಹಾಕಿ. ಮೊಳಕೆ ಬಂದರೆ ಮಣ್ಣಲ್ಲಿ ಬೀಜ ಇದೆ ಅಂತ ಅರ್ಥ. ಎರಡು ಮೂರು ವಾರ ಕಾದರೂ ಬರದಿದ್ದರೆ ಬೀಜವೇ ಇಲ್ಲ. ಆಗ ಏನು ಮಾಡಬೇಕು ಅಂತ ತಾನಾಗೇ ಗೊತ್ತಾಗುತ್ತದೆ.

ಉತ್ತರ (ದಾವಣಗೆರೆಯಿಂದ)

ನಮ್ಮದು ಕಪ್ಪು ಮಣ್ಣು. ಮಳೆ ಬಿದ್ದರೆ ಅಂಟು, ಒಣಗಿದರೆ ಬಿರುಕು. ಸಣ್ಣ ಬೀಜ ಬಿರುಕಿನೊಳಗೆ ಹೋಗಿಬಿಡುತ್ತದೆ. ಅದಕ್ಕೆ ನಾನು ಬೀಜದ ಗಿಡಗಳನ್ನೇ ನಂಬಿ ಕೂರುವುದಿಲ್ಲ. ಅರ್ಧ ಜಾಗದಲ್ಲಿ ಬಹುವಾರ್ಷಿಕ ಗಿಡ ಇರಲೇಬೇಕು, ಆಗ ಯಾವ ವರ್ಷವೂ ಅಂಗಳ ಬರಿದಾಗುವುದಿಲ್ಲ. ನಂದಿಬಟ್ಟಲು, ಗೋರಂಟೆ, ಶಂಖಪುಷ್ಪ, ಕಾಶಿ ಕಣಗಿಲೆ ಒಂದು ಸಲ ಬೇರು ಹಿಡಿದರೆ ಜಾಸ್ತಿ ಆರೈಕೆ ಬೇಡ. ಶಂಖಪುಷ್ಪದ ಬೀಜದ ಸಿಪ್ಪೆ ಗಟ್ಟಿ, ರಾತ್ರಿ ನೆನೆಹಾಕಿ ಬಿತ್ತಿ. ಮಳೆ ಲಿಲ್ಲಿ ಗೆಡ್ಡೆ ನಾಲ್ಕು ನೆಟ್ಟರೂ ಸಾಕು, ವರ್ಷ ವರ್ಷ ಹೆಚ್ಚುತ್ತಾ ಹೋಗುತ್ತದೆ. ನಿಮ್ಮ ಕಡೆ ಬಯಲಲ್ಲಿ ತಂಗಡಿ ತಾನಾಗೇ ಬೆಳೆಯುತ್ತದೆ ಅಲ್ವಾ? ಅಂಗಳದಲ್ಲೂ ಒಂದು ಇರಲಿ. ಯಾರೂ ನೀರು ಹಾಕದೆ ಅಷ್ಟು ಹಳದಿ ಹೂ ಬಿಡುವ ಗಿಡ ಇನ್ನೊಂದಿಲ್ಲ.

ಪ್ರಶ್ನೆ ಕೇಳಿದವರು

ಟ್ರೇ ಪರೀಕ್ಷೆ ಆಯಿತು. ಕಾಂಪೌಂಡ್ ಪಕ್ಕದ ಮಣ್ಣಲ್ಲಿ ಕಾಸ್ಮಾಸ್, ಕರ್ಣಕುಂಡಲ ಎರಡೂ ಹುಟ್ಟಿವೆ! ಅಗೆದ ಮಣ್ಣಲ್ಲಿ ಬರೀ ಹುಲ್ಲು. ಚೆಂಡು ಹೂ ಎರಡರಲ್ಲೂ ಇಲ್ಲ. ಕನಕಾಂಬರ ಡೆಲ್ಲಿ ತಳಿಯೇ ಅಂತ ನರ್ಸರಿಯವರು ಹೇಳಿದರು. ಮುಂದೆ ಏನು ಮಾಡಲಿ? ಇನ್ನೊಂದು ವಿಷಯ. ಟ್ರೇಯಲ್ಲಿ ಕಾಂಗ್ರೆಸ್ ಗಿಡವೂ ಇದೆ ಅನ್ನಿಸುತ್ತದೆ. ಸಣ್ಣದಿದ್ದಾಗ ಕಾಸ್ಮಾಸ್ ಯಾವುದು, ಅದು ಯಾವುದು ಗೊತ್ತಾಗುತ್ತಿಲ್ಲ.

ಉತ್ತರ (ಹೊಳಲ್ಕೆರೆಯಿಂದ)

ತುಂಬಾ ಸಂತೋಷ. ಟ್ರೇಯ ಸಸಿಗಳಿಗೆ ನಾಲ್ಕು ಎಲೆ ಬಂದ ಮೇಲೆ ಸಂಜೆ ಹೊತ್ತು ನೆಲಕ್ಕೆ ಇಳಿಸಿ. ಕರ್ಣಕುಂಡಲಕ್ಕೆ ಮಧ್ಯಾಹ್ನ ನೆರಳು ಬೀಳುವ ಜಾಗ ಕೊಡಿ, ಅದಕ್ಕೆ ನೀರು ಬೇಕೇ ಬೇಕು. ಕಾಸ್ಮಾಸ್‌ಗೆ ಬಿಸಿಲು ಎಷ್ಟಿದ್ದರೂ ಸರಿ. ಗೊಬ್ಬರ ಮಾತ್ರ ಬೇಡ, ಹಾಕಿದರೆ ಎಲೆ ಜಾಸ್ತಿ, ಹೂ ಕಡಿಮೆ. ಎತ್ತರ ಬೆಳೆದ ಕಾಸ್ಮಾಸ್ ನಿಮ್ಮ ಆಷಾಢದ ಗಾಳಿಗೆ ನಿಲ್ಲುವುದಿಲ್ಲ. ಆ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಮೊಣಕಾಲೆತ್ತರ ಬಂದಾಗ ತುದಿ ಚಿವುಟಿ, ಪೊದೆಯಾಗುತ್ತದೆ.

ಬೀಜದ ಗಿಡಗಳಿಗೆ ಅಂತಲೇ ಒಂದು ಪಟ್ಟಿ ಜಾಗ ಬಿಟ್ಟುಬಿಡಿ. ಅಲ್ಲಿ ಗುದ್ದಲಿ ಬೀಳಬಾರದು, ಕುರ್ಪಿಯಿಂದ ಕಳೆ ಕೆರೆದರೆ ಸಾಕು. ಶೇಂಗಾ ಸಿಪ್ಪೆಯನ್ನು ದಾಸವಾಳ, ನಂದಿಬಟ್ಟಲಿನ ಬುಡಕ್ಕೆ ಹಾಕಿ, ಅಲ್ಲಿ ಬಹಳ ಉಪಯೋಗ. ಹೂ ಮುಗಿದ ಗಿಡ ಸಂಕ್ರಾಂತಿವರೆಗೂ ನಿಂತಿರಲಿ. ನೋಡಲು ಚೆನ್ನಾಗಿರುವುದಿಲ್ಲ, ನಿಜ. ಆದರೆ ಬೀಜ ಬಲಿಯುವ ಕಾಲ ಅದು. ಆಮೇಲೆ ಬುಡದಲ್ಲಿ ಕತ್ತರಿಸಿ, ಅಲ್ಲೇ ಕೊಡವಿ.

ಭರಣಿ ಮಳೆ ವಿಷಯ ಮರೆಯಬೇಡಿ. ಆ ಮಳೆಗೆ ಹುಟ್ಟಿದ ಮೊಳಕೆ ಮುಂದಿನ ಮಳೆವರೆಗೆ ಬದುಕಬೇಕು. ನಡುವೆ ಬಿಸಿಲು ಸುಡುತ್ತದೆ. ಆ ದಿನಗಳಲ್ಲಿ ಎರಡು ದಿನಕ್ಕೊಮ್ಮೆ ನೀರು ಚಿಮುಕಿಸಿದರೆ ಉಳಿಯುತ್ತವೆ. ಅದಕ್ಕೂ ಪುರುಸೊತ್ತಿಲ್ಲ ಅಂದರೆ, ಪ್ರತಿ ಗಿಡದಿಂದ ಒಂದು ಹಿಡಿ ಬೀಜ ಕಾಗದದ ಪೊಟ್ಟಣದಲ್ಲಿ ಎತ್ತಿಡಿ. ಮೇ ಕೊನೆಯ ರೋಹಿಣಿ ಮಳೆ ಬಿದ್ದ ಮೇಲೆ ಎರಚಿ. ಚೆಂಡು ಹೂವಿಗೆ ಹಳ್ಳಿಯಲ್ಲಿ ಯಾರ ಹೊಲದಲ್ಲಾದರೂ ನಾಟಿ ಬೀಜ ಕೇಳಿ, ಪ್ಯಾಕೆಟ್ ಬೇಡ.

ಕಾಂಗ್ರೆಸ್ ಗಿಡ ಗುರುತಿಸುವುದು ಸುಲಭ. ಅದು ಮೊದಲು ನೆಲಕ್ಕೆ ಅಂಟಿಕೊಂಡು ಸುತ್ತಲೂ ಎಲೆ ಹರಡುತ್ತದೆ. ಎಲೆ ಬೂದು ಹಸಿರು, ಸಣ್ಣ ರೋಮ ಇರುತ್ತದೆ. ಕಾಸ್ಮಾಸ್, ಚೆಂಡು ಹೂ ಮೊದಲಿಂದಲೂ ಮೇಲಕ್ಕೆ ನಿಲ್ಲುತ್ತವೆ, ಎಲೆಗಳು ಎದುರುಬದುರು ಜೋಡಿಯಾಗಿ ಬರುತ್ತವೆ. ಚೆಂಡು ಹೂವಿನ ಎಲೆ ಹಿಸುಕಿದರೆ ಅದೇ ಘಾಟು ವಾಸನೆ. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮುಂಚೆಯೇ ಬೇರು ಸಮೇತ ಕೀಳಿ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಕೆಲವರಿಗೆ ತುರಿಕೆ ಬರುತ್ತದೆ.

ಕೊನೆಗೆ ಒಂದು ವಿನಂತಿ. ನಿಮ್ಮ ಮನೆ ಕಾಡಿನ ಅಂಚಲ್ಲಿದೆ. ಕಾಸ್ಮಾಸ್ ಕಾಂಪೌಂಡ್ ದಾಟಿ ಹುಟ್ಟಿದ್ದು ಕಂಡರೆ ಕಿತ್ತುಬಿಡಿ. ಲಂಟಾನ ಬಣ್ಣ ಚೆನ್ನಾಗಿದೆ ಅಂತ ಯಾರಾದರೂ ಕಡ್ಡಿ ಕೊಟ್ಟರೂ ನೆಡಬೇಡಿ. ಹಕ್ಕಿಗಳು ಅದರ ಹಣ್ಣು ತಿಂದು ಬೀಜವನ್ನು ನೇರ ಜೋಗಿಮಟ್ಟಿಗೆ ಒಯ್ಯುತ್ತವೆ.

ಪ್ರಶ್ನೆ ಕೇಳಿದವರು

ಸರಿ ಸರ್. ಸಿಪ್ಪೆ ಇವತ್ತೇ ಸರಿಸಿದೆ. ಗೋರಂಟೆ ಕಡ್ಡಿ ಪಕ್ಕದ ಮನೆಯಲ್ಲೇ ಇದೆ, ಈ ಮಳೆಯಲ್ಲೇ ನೆಡುತ್ತೇನೆ. ತಂಗಡಿ ಬೀಜ ಯಾವ ತಿಂಗಳಲ್ಲಿ ಕಿತ್ತಿಡಬೇಕು?

ಉತ್ತರ (ದಾವಣಗೆರೆಯಿಂದ)

ತಿಂಗಳು ನೋಡಬೇಡಿ, ಕಾಯಿ ನೋಡಿ. ಕಂದು ಬಣ್ಣಕ್ಕೆ ತಿರುಗಿ, ಅಲ್ಲಾಡಿಸಿದರೆ ಒಳಗೆ ಸದ್ದು ಬರಬೇಕು. ಬಿತ್ತುವ ಮುಂಚೆ ಬೀಜವನ್ನು ಒರಟು ಕಲ್ಲಿಗೆ ಸ್ವಲ್ಪ ಉಜ್ಜಿ, ಬೇಗ ಮೊಳೆಯುತ್ತದೆ. ಸಸಿಯನ್ನು ಕಿತ್ತು ಬೇರೆಡೆ ನೆಟ್ಟರೆ ಏಳುವುದು ಕಷ್ಟ. ಎಲ್ಲಿ ಬೇಕೋ ಅಲ್ಲೇ ಬಿತ್ತಿ.