ಕ್ರೀಡಾ ಡೆಸ್ಕ್‌ನಲ್ಲಿ ಇಂಟರ್ನ್‌ಶಿಪ್ ಸಿಕ್ಕಿದೆ, ಏನು ಕಲಿತುಕೊಂಡು ಹೋಗಲಿ?

ತುಂಗಭದ್ರೆ:

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಪತ್ರಿಕೋದ್ಯಮದಲ್ಲಿ ಎಂ.ಎ. ಮಾಡುತ್ತಿದ್ದೇನೆ. ಊರು ರಾಣೆಬೆನ್ನೂರಿನ ಹತ್ತಿರ. ಬೆಂಗಳೂರಿನ ಒಂದು ಕನ್ನಡ ದಿನಪತ್ರಿಕೆಯ ಕ್ರೀಡಾ ವಿಭಾಗದಲ್ಲಿ ಇಂಟರ್ನ್‌ಶಿಪ್ ಸಿಕ್ಕಿದೆ. ಮುಂದಿನ ತಿಂಗಳು ಸೇರಬೇಕು.

ಹೈಸ್ಕೂಲಿನಲ್ಲಿ ಖೋ ಖೋ ಆಡಿದ್ದೇನೆ, ವಿಭಾಗ ಮಟ್ಟದವರೆಗೂ ಹೋಗಿದ್ದೆ. ಕ್ರಿಕೆಟ್ ನೋಡುತ್ತೇನೆ. ಆದರೆ ಟೆನಿಸ್, ಗಾಲ್ಫ್, ಫಾರ್ಮುಲಾ ಒನ್ ಇವೆಲ್ಲ ತಲೆಬುಡ ಗೊತ್ತಿಲ್ಲ. ಕ್ಲಾಸಿನ ಹುಡುಗರು 'ಅಲ್ಲಿ ಇಂಟರ್ನ್‌ಗಳಿಗೆ ಬರೀ ಟೈಪಿಂಗ್ ಕೊಡ್ತಾರೆ' ಅಂತ ಹೆದರಿಸುತ್ತಿದ್ದಾರೆ. ಹೋಗುವ ಮೊದಲು ಏನು ಓದಿಕೊಳ್ಳಬೇಕು? ಚಿನ್ನಸ್ವಾಮಿ ಕ್ರೀಡಾಂಗಣದ ಪ್ರೆಸ್ ಬಾಕ್ಸ್‌ಗೆ ನಮ್ಮನ್ನೂ ಕಳಿಸುತ್ತಾರಾ? ರಾತ್ರಿ ಎಷ್ಟು ಹೊತ್ತಾಗುತ್ತದೆ? ಅಪ್ಪನಿಗೆ ಕೊನೆಯದೇ ದೊಡ್ಡ ಚಿಂತೆ.

ರಾತ್ರಿಪಾಳಿ:

ಅಭಿನಂದನೆಗಳು. ನಾನು ಮದ್ದೂರಿನವಳು. ಬೆಂಗಳೂರಿನಲ್ಲಿ ಕ್ರೀಡಾ ಡೆಸ್ಕ್‌ನಲ್ಲಿ ಉಪಸಂಪಾದಕಿ. ಇಂಟರ್ನ್ ಆಗಿ ಈ ಕೆಲಸಕ್ಕೆ ಬಂದವಳು ಇಲ್ಲೇ ಉಳಿದುಕೊಂಡೆ. ಹಾಗಾಗಿ ಉತ್ತರ ಉದ್ದವಾದರೆ ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಅಪ್ಪನ ಚಿಂತೆ. ಕ್ರೀಡಾ ಡೆಸ್ಕ್ ಮಧ್ಯಾಹ್ನದ ಮೇಲೆ ಶುರುವಾಗುತ್ತದೆ. ಮುಗಿಯುವುದು ನಡುರಾತ್ರಿ. ಇಂಟರ್ನ್‌ಗಳನ್ನು ಸ್ವಲ್ಪ ಬೇಗ ಬಿಡಬಹುದು, ಆದರೆ ಅದನ್ನೇ ನಂಬಿಕೊಂಡು ಹೋಗಬೇಡಿ. ಸೇರುವ ಮೊದಲೇ ಮೇಲ್ ಮಾಡಿ ಕೇಳಿ: ರಾತ್ರಿ ಡ್ರಾಪ್ (ಮನೆಗೆ ಬಿಡುವ ಆಫೀಸ್ ವಾಹನ) ಇದೆಯಾ, ಯಾವ ಏರಿಯಾವರೆಗೆ, ಇಂಟರ್ನ್‌ಗೂ ಉಂಟಾ, ಸ್ಟೈಪೆಂಡ್ ಎಷ್ಟು. ಉತ್ತರವೂ ಮೇಲ್‌ನಲ್ಲೇ ಬರಲಿ. ನಾನು ಇಂಟರ್ನ್ ಆಗಿದ್ದ ಕಡೆ ಸ್ಟೈಪೆಂಡ್ ಇರಲಿಲ್ಲ. ಡ್ರಾಪ್ ಉದ್ಯೋಗಿಗಳಿಗೆ ಮಾತ್ರ ಅಂತ ಸೇರಿದ ಮೇಲೆ ಹೇಳಿದರು. ಪಿಜಿ ಆಫೀಸಿಗೆ ಹತ್ತಿರದಲ್ಲೇ ನೋಡಿ. ರಾತ್ರಿ ಗೇಟ್ ಎಷ್ಟು ಗಂಟೆಗೆ ಹಾಕುತ್ತಾರೆ ಅಂತ ಅಡ್ವಾನ್ಸ್ ಕೊಡುವ ಮೊದಲು ಕೇಳಿ.

ಇನ್ನು ಟೈಪಿಂಗ್ ಮಾತು. ಶುರುವಿನಲ್ಲಿ ನಿಮ್ಮ ಮುಂದೆ ಬರುವುದು ಪಿಟಿಐ ಕಾಪಿ, ಅಂದರೆ ಸುದ್ದಿಸಂಸ್ಥೆ ಕಳಿಸುವ ಸುದ್ದಿ. ಇಂಗ್ಲಿಷಿನ ಉದ್ದದ ಸುದ್ದಿಯನ್ನು ಪುಟದಲ್ಲಿ ಸಿಗುವ ಅಂಗೈಯಗಲದ ಜಾಗಕ್ಕೆ ಕನ್ನಡದಲ್ಲಿ ತರಬೇಕು. ಸಾಲು ಸಾಲಾಗಿ ಅನುವಾದ ಮಾಡಬೇಡಿ. ಪೂರ್ತಿ ಓದಿ, ಪಕ್ಕಕ್ಕಿಡಿ, ಮನೆಯಲ್ಲಿ ಅಪ್ಪನಿಗೆ ಹೇಳುವ ಹಾಗೆ ಬರೆಯಿರಿ. ಆಮೇಲೆ ಮೂಲ ನೋಡಿ ಅಂಕಿ ಸರಿಮಾಡಿಕೊಳ್ಳಿ. ಟೆನಿಸ್, ಗಾಲ್ಫ್ ಎಲ್ಲ ಹೀಗೆ ಬರೆಯುತ್ತಾ ಬರೆಯುತ್ತಾ ಬರುತ್ತದೆ. ಟೈಬ್ರೇಕ್ ಏನು, ಪಾರ್ ಏನು ಅಂತ ಪಕ್ಕದವರನ್ನು ಕೇಳಿದರೆ ಯಾರೂ ನಗುವುದಿಲ್ಲ.

ಸ್ಕೋರ್ ವಿವರ ಕೊಟ್ಟರೆ 'ಅಯ್ಯೋ ಇಷ್ಟೇನಾ' ಅಂದುಕೊಳ್ಳಬೇಡಿ. ಕ್ರಿಕೆಟ್ ಸ್ಕೋರ್‌ಕಾರ್ಡ್ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ. ಬ್ಯಾಟರ್‌ಗಳ ರನ್‌ಗೆ ಇತರೆ ರನ್ ಕೂಡಿದರೆ ಮೊತ್ತ ಬರಬೇಕು. ಬೌಲರ್‌ಗಳು ಕೊಟ್ಟ ರನ್‌ಗೆ ಬೈ, ಲೆಗ್‌ಬೈ (ಚೆಂಡು ಬ್ಯಾಟಿಗೆ ತಾಗದೆ ಓಡಿ ಪಡೆದ ರನ್, ಬೌಲರ್ ಲೆಕ್ಕಕ್ಕೆ ಹೋಗದವು) ಕೂಡಿದರೂ ಅದೇ ಮೊತ್ತ ಬರಬೇಕು. ವೈಡ್, ನೋಬಾಲ್ ಬೌಲರ್ ಲೆಕ್ಕಕ್ಕೇ ಹೋಗಿರುತ್ತವೆ. ನಮ್ಮ ಚೀಫ್ ಸಬ್ (ಮುಖ್ಯ ಉಪಸಂಪಾದಕರು) ಹೊಸಬರಿಗೆಲ್ಲ ಒಂದೇ ಕಾರ್ಡ್ ಕೊಟ್ಟು ಕೂರಿಸುತ್ತಿದ್ದರು: 1999ರ ಫೆಬ್ರುವರಿ 7, ದೆಹಲಿಯ ಕೋಟ್ಲಾ ಕ್ರೀಡಾಂಗಣ, ಭಾರತದ ವಿರುದ್ಧದ ಟೆಸ್ಟ್‌ನಲ್ಲಿ ಪಾಕಿಸ್ತಾನದ ಎರಡನೇ ಇನಿಂಗ್ಸ್. ಶ್ರೀನಾಥ್ 50 ರನ್ ಕೊಟ್ಟರು, ಪ್ರಸಾದ್ 15, ಹರಭಜನ್ 51, ಕುಂಬ್ಳೆ 74ಕ್ಕೆ 10. ಕೂಡಿದರೆ 190. ಮೊತ್ತ 207. ಉಳಿದ 17 ಎಲ್ಲಿ ಹೋಯಿತು ಅಂತ ನಾವೇ ಹುಡುಕಬೇಕು. ಬೈ, ಲೆಗ್‌ಬೈಗಳಲ್ಲಿ ಸಿಗುತ್ತದೆ. ರನ್ ಔಟ್ ಬೌಲರ್ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಹತ್ತೂ ವಿಕೆಟ್ ಒಬ್ಬರದೇ ಅಂದಮೇಲೆ ರನ್ ಔಟ್ ಇರಲು ಸಾಧ್ಯವೇ ಇಲ್ಲ ಅಂತ ಅಲ್ಲೇ ಹೊಳೆಯಬೇಕು. ನೀವೂ ಮನೆಯಲ್ಲಿ ಕೂತು ಹಳೆಯ ಕಾರ್ಡ್‌ಗಳನ್ನು ಹೀಗೆ ಕೂಡಿ ನೋಡಿ. ಪ್ರಿಂಟ್‌ಗೆ ಹೋಗುವ ಮುಂಚಿನ ಗಡಿಬಿಡಿಯಲ್ಲಿ ಕೈಗೆ ಬರುವ ವಿದ್ಯೆ ಇದು.

ಆ ಗಡಿಬಿಡಿಯನ್ನು ಒಂದು ಸಲ ನೋಡಬೇಕು. ದೂರದ ಜಿಲ್ಲೆಗಳ ಆವೃತ್ತಿ ಬೇಗ ಮುಗಿಯುತ್ತದೆ, ಬೆಂಗಳೂರು ನಗರ ಆವೃತ್ತಿ ಕೊನೆಗೆ. ಐಪಿಎಲ್ ಪಂದ್ಯ ಸಂಜೆ 7.30ಕ್ಕೆ ಶುರುವಾಗಿ ಮುಗಿಯುವ ಹೊತ್ತಿಗೆ ಕೆಲವು ಪುಟ ಆಗಲೇ ಹೋಗಿರುತ್ತವೆ. ಹಾಗಾಗಿ ಸುದ್ದಿಯನ್ನು ಹೊಟ್ಟೆಯಿಂದ, ಅಂದರೆ ನಡುವಿನ ಭಾಗದಿಂದ ಬರೆಯುತ್ತಾ ಬರುತ್ತೇವೆ, ಫಲಿತಾಂಶ ಹೇಳುವ ತಲೆ ಕೊನೆಗೆ. 2025ರ ಜೂನ್ 3ರಂದು ಆರ್‌ಸಿಬಿ ಫೈನಲ್ ದಿನ ಎರಡು ಇಂಟ್ರೊ (ಸುದ್ದಿಯ ಮೊದಲ ಸಾಲುಗಳು) ಬರೆದಿಟ್ಟುಕೊಂಡಿದ್ದೆವು, ಗೆದ್ದರೊಂದು, ಸೋತರೊಂದು. 2009, 2011, 2016ರ ಫೈನಲ್‌ಗಳಲ್ಲಿ ಸೋತ ತಂಡ ನೋಡಿ, ಸೋಲಿನ ಇಂಟ್ರೊ ಇಲ್ಲದೆ ಕೂರಲು ಯಾರಿಗೂ ಧೈರ್ಯವಿರಲಿಲ್ಲ. ಕೊನೆಯ ಓವರ್‌ನಲ್ಲಿ ಪಂಜಾಬ್‌ಗೆ 29 ಬೇಕಿತ್ತು. ಹ್ಯಾಜಲ್‌ವುಡ್ ಮೊದಲೆರಡು ಎಸೆತದಲ್ಲಿ ರನ್ ಕೊಡಲಿಲ್ಲ. ಗೆಲುವು ಖಚಿತ. ಆದರೆ ಶಶಾಂಕ್ ಸಿಂಗ್ ಉಳಿದ ಎಸೆತಗಳಲ್ಲಿ 22 ಹೊಡೆದರು, ಗೆಲುವಿನ ಅಂತರ 6ಕ್ಕೆ ಇಳಿಯಿತು. ಶೀರ್ಷಿಕೆ ಸಿದ್ಧ, ಅಂತರದ ಜಾಗ ಮಾತ್ರ ಖಾಲಿ. ಕೊನೆಯ ಎಸೆತ ಬೀಳುವವರೆಗೂ ಆ ಜಾಗ ತುಂಬಬಾರದು.

ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡರು. ಸಂಭ್ರಮ ಬರೆಯಲು ಹೋದ ವರದಿಗಾರರು ಆಸ್ಪತ್ರೆ ಬಾಗಿಲಲ್ಲಿ ನಿಂತರು. ಕ್ರೀಡಾ ಪುಟ ಅಂದರೆ ಬರೀ ಖುಷಿ ಅಂತ ಹೇಳುವವರಿಗೆ ನಾನು ಆ ದಿನದ ಮಾತು ಹೇಳುತ್ತೇನೆ. ಜನ ಎಷ್ಟು, ಗೇಟ್ ಎಷ್ಟು, ಯಾವಾಗ ತೆಗೆದರು, ಇವೆಲ್ಲ ಕ್ರೀಡಾ ವರದಿಗಾರನ ಪ್ರಶ್ನೆಗಳೂ ಹೌದು.

ಈಗ ಪ್ರೆಸ್ ಬಾಕ್ಸ್. ಐಪಿಎಲ್‌ಗೆ, ಅಂತರರಾಷ್ಟ್ರೀಯ ಪಂದ್ಯಕ್ಕೆ ಮಾನ್ಯತಾ ಕಾರ್ಡ್ ಬೇಕು. ಅದು ಹಿರಿಯರ ಹೆಸರಿಗೆ ಬರುತ್ತದೆ. ಅದಕ್ಕೆ ಕಾಯುತ್ತಾ ಕೂರಬೇಡಿ, ದಯವಿಟ್ಟು. ಕಂಠೀರವದಲ್ಲಿ ಅಥ್ಲೆಟಿಕ್ಸ್ ಇದ್ದರೆ, ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಲೀಗ್ ಪಂದ್ಯ ಇದ್ದರೆ, ಅಕ್ಕಿತಿಮ್ಮನಹಳ್ಳಿಯಲ್ಲಿ ಹಾಕಿ ಇದ್ದರೆ, ಬಸವನಗುಡಿ ಈಜುಕೊಳದಲ್ಲಿ ರಾಜ್ಯ ಕೂಟ ಇದ್ದರೆ 'ನಾನು ಹೋಗಲಾ ಸರ್' ಅಂತ ನೀವೇ ಕೇಳಿ. ಅಲ್ಲಿ ನೀವು ನೇರವಾಗಿ ಆಟಗಾರ್ತಿಯ ಪಕ್ಕ ಕೂತು ಮಾತಾಡಬಹುದು.

ನನಗೆ ಮುಖ್ಯ ಅನ್ನಿಸುವುದು ಇದೇ. ವಿರಾಟ್ ಕೊಹ್ಲಿ ಸುದ್ದಿ ನಾವು ಬರೆಯದಿದ್ದರೂ ಜನಕ್ಕೆ ಸಿಗುತ್ತದೆ. ಗಂಗಾವತಿಯ ಹುಡುಗಿ ರಾಜ್ಯ ಕೂಟದಲ್ಲಿ ಟ್ರಿಪಲ್ ಜಂಪ್ ಗೆದ್ದ ಸುದ್ದಿ ಕನ್ನಡ ಪತ್ರಿಕೆ ಹಾಕದಿದ್ದರೆ ಬೇರೆಲ್ಲೂ ಸಿಗುವುದಿಲ್ಲ. 2025ರ ಜನವರಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಫೈನಲ್‌ನಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78–40ರಿಂದ ಸೋಲಿಸಿದರಲ್ಲ, ಆ ತಂಡದಲ್ಲಿದ್ದ ಬಿ. ಚೈತ್ರಾ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಅವತ್ತು ಎಲ್ಲರೂ ಫೋನ್ ಹಿಡಿದು ಓಡಿದರು. ಇಂಥ ಆಟಗಾರ್ತಿಯರ ಹೆಸರು ಅದಕ್ಕೂ ಮೊದಲು ಬರುವುದು ಎಲ್ಲಿ? ಪುಟದ ಮೂಲೆಯ ಫಲಿತಾಂಶದಲ್ಲಿ. ಆ ಮೂಲೆಯನ್ನು ಡೆಸ್ಕ್‌ನಲ್ಲಿ ಯಾರೂ ಇಷ್ಟಪಟ್ಟು ಕೇಳುವುದಿಲ್ಲ. ನೀವು ಕೇಳಿ ತೆಗೆದುಕೊಳ್ಳಿ. ಖೋ ಖೋ ಆಡಿದವರಿಗೆ ಅದರ ಬೆಲೆ ನಾನು ಹೇಳಬೇಕಾ?

ಅಲ್ಲಿ ಕಷ್ಟದ ಕೆಲಸ ಹೆಸರುಗಳದ್ದು. ಸಂಘದವರ ಪ್ರಕಟಣೆ ಇಂಗ್ಲಿಷಿನಲ್ಲಿರುತ್ತದೆ. ಅದನ್ನು ನೋಡಿ ಮಗುವಿನ ಹೆಸರು ಊಹಿಸಿ ಬರೆಯಬೇಡಿ. ದೀರ್ಘವೋ ಹ್ರಸ್ವವೋ, ನ ಅಥವಾ ಣ, ಲ ಅಥವಾ ಳ ಅಂತ ಕೋಚ್‌ಗೆ ಫೋನ್ ಮಾಡಿ ಕೇಳಿ. ಒಂದು ಫೋನ್‌ಗೆ ಒಂದು ನಿಮಿಷ. ಆ ಫೋನ್‌ನಲ್ಲೇ ಎಷ್ಟೋ ಸಲ ದೊಡ್ಡ ಸುದ್ದಿ ಸಿಗುತ್ತದೆ: ಹುಡುಗಿ ಬರಿಗಾಲಲ್ಲಿ ಓಡಿದಳು, ಅಕ್ಕನೂ ಅದೇ ಓಟದಲ್ಲಿ ಬೆಳ್ಳಿ ಗೆದ್ದಳು, ಹೀಗೆ.

'ದಾಖಲೆ' ಪದ ಕಂಡರೆ ಮಾತ್ರ ಕೈ ತಡೆಯಿರಿ. ಕೂಟ ದಾಖಲೆಯೋ ರಾಜ್ಯ ದಾಖಲೆಯೋ ಕೇಳಿ. ಸ್ಟಾಪ್‌ವಾಚ್ ಹಿಡಿದು ಅಳೆದಿದ್ದಾರೋ ಎಲೆಕ್ಟ್ರಾನಿಕ್ ಟೈಮಿಂಗೋ ಕೇಳಿ. 100, 200 ಮೀಟರ್‌ನಲ್ಲಿ ಕೈಯಿಂದ ಅಳೆದ ಸಮಯವನ್ನು ಎಲೆಕ್ಟ್ರಾನಿಕ್‌ಗೆ ಹೋಲಿಸಬೇಕಾದರೆ 0.24 ಸೆಕೆಂಡ್ ಕೂಡಿಸಬೇಕು. ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರ್ ಮೀರಿದ್ದರೆ ಆ ಓಟಗಳಲ್ಲಿ ದಾಖಲೆ ಇಲ್ಲ. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು (ಕೋಣಗಳು ಓಡುವ ಕೆಸರಿನ ಓಟದ ದಾರಿ) 13.62 ಸೆಕೆಂಡಿನಲ್ಲಿ ಓಡಿದ್ದು ನೆನಪಿದೆಯಾ? ಯಾರೋ ಭಾಗಾಕಾರ ಮಾಡಿ 100 ಮೀಟರ್‌ಗೆ 9.55 ಅಂದರು. ಉಸೇನ್ ಬೋಲ್ಟ್ ದಾಖಲೆ 9.58. ದೇಶವೆಲ್ಲ ಹಬ್ಬಿತು. ಮುಂದೆ ಕೋಣಗಳ ವೇಗ, ಕಾಲಡಿ ಕೆಸರು, ಬ್ಲಾಕ್‌ನಿಂದ ಏಳುವ ಆರಂಭ ಇಲ್ಲ. ಹೋಲಿಕೆಗೆ ಆಧಾರವೇ ಇರಲಿಲ್ಲ. ಕಂಬಳವೇ ಬೇರೆ, ಟ್ರ್ಯಾಕ್ ಓಟವೇ ಬೇರೆ ಅಂತ ಕೊನೆಗೆ ಓಡಿದವರೇ ಹೇಳಬೇಕಾಯಿತು. ಕಂಬಳದ ಓಟ ಕಂಬಳದಲ್ಲೇ ದೊಡ್ಡ ಸಾಧನೆ. ಅದಕ್ಕೆ ಬೋಲ್ಟ್ ಯಾಕೆ ಬೇಕಿತ್ತು?

ಪಿಟಿ ಮೇಷ್ಟ್ರು, ಹಾನಗಲ್:

ತಂಗಿ, ನಮ್ಮ ಜಿಲ್ಲೆಯವಳು ಅಂತ ಓದಿ ಬಾಳ ಖುಷಿ ಆಯ್ತು. ಮೇಲೆ ಬರೆದಿರುವ ಮೇಡಂ ಮಾತು ನೂರಕ್ಕೆ ನೂರು ಸತ್ಯ. ನಾನು ಪತ್ರಿಕೆಗೆ ಫಲಿತಾಂಶ ಕಳಿಸುವವನು. ತಾಲ್ಲೂಕು ಕ್ರೀಡಾಕೂಟ ಮುಗಿಯುವುದು ಕತ್ತಲಾದ ಮೇಲೆ. ಮಕ್ಕಳನ್ನು ಊರಿಗೆ ಬಸ್ ಹತ್ತಿಸಿ, ಆಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಹಾಳೆಯ ಫೋಟೊ ಕಳಿಸುತ್ತೇನೆ. ಬೆಳಿಗ್ಗೆ ನೋಡಿದರೆ ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ವೇದಿಕೆಯಲ್ಲಿದ್ದವರು ಎಲ್ಲರ ಹೆಸರೂ ಇರುತ್ತದೆ. ಗೆದ್ದ ಮಕ್ಕಳ ಹೆಸರಿಗೆ ಜಾಗ ಇರುವುದಿಲ್ಲ. ನಿನ್ನ ಕೈಗೆ ಅಂಥ ಸುದ್ದಿ ಬಂದರೆ ವೇದಿಕೆ ಕತ್ತರಿಸವ್ವ, ಮಕ್ಕಳನ್ನು ಉಳಿಸು.

ಇನ್ನೊಂದು. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ, ಈ ಮೆಟ್ಟಿಲು ನಿನಗೆ ಗೊತ್ತು. ಬೆಂಗಳೂರಿನಲ್ಲಿ ಕೂತವರು ವಿಭಾಗ ಮಟ್ಟ ಅಂದರೆ ಏನು ಅಂತ ನನ್ನನ್ನೇ ಕೇಳಿದ್ದಾರೆ. 14 ವರ್ಷದೊಳಗಿನವರು, 17 ವರ್ಷದೊಳಗಿನವರು ಅಂತ ಬೇರೆ ಬೇರೆ ಬರೆ. ಎರಡನ್ನೂ ಸೇರಿಸಿ 'ಬಾಲಕಿಯರು' ಅಂತ ಬರೆದರೆ ಗೆದ್ದದ್ದು ಯಾರು ಅಂತ ಶಾಲೆಯವರಿಗೇ ಗೊತ್ತಾಗುವುದಿಲ್ಲ.

ಲೈವ್_ಅಪ್‌ಡೇಟ್:

ನಾನು ವೆಬ್ ಡೆಸ್ಕ್‌ನವನು. ರಾತ್ರಿಪಾಳಿ ಮೇಡಂ ಹೇಳಿದ್ದಕ್ಕೆ ಒಂದು ಸೇರಿಸಬೇಕು. ಪುಟದಲ್ಲಿ ಜಾಗ ಇಲ್ಲ ಅನ್ನುವುದು ಪ್ರಿಂಟ್‌ನ ಕಷ್ಟ. ವೆಬ್‌ನಲ್ಲಿ ಇಡೀ ಫಲಿತಾಂಶ ಹಾಕಬಹುದು. ಆದರೆ ಹಾಕುವವರಿಲ್ಲ, ಯಾಕೆಂದರೆ ಎಲ್ಲರೂ ಐಪಿಎಲ್ ಲೈವ್ ಪೇಜ್‌ನಲ್ಲಿ ಕೂತಿರುತ್ತೇವೆ. ಇಂಟರ್ನ್ ಒಬ್ಬರು 'ಪೂರ್ತಿ ಫಲಿತಾಂಶ ನಾನೇ ಅಪ್‌ಲೋಡ್ ಮಾಡ್ತೀನಿ' ಅಂದರೆ ಯಾವ ಸಂಪಾದಕರೂ ಬೇಡ ಅನ್ನುವುದಿಲ್ಲ. ಶೀರ್ಷಿಕೆಯಲ್ಲಿ ಊರು ಮತ್ತು ಆಟದ ಹೆಸರು ಇರಲಿ, ಮನೆಯವರು ಹುಡುಕುವುದು ಹಾಗೆಯೇ.

ಫೋನಿನಲ್ಲಿ ಚಿಕ್ಕ ವಿಡಿಯೊ ಮಾಡುವುದನ್ನೂ ಕಲಿತುಕೊಳ್ಳಿ. ಮೈಕ್ ಇಲ್ಲದಿದ್ದರೆ ಧ್ವನಿವರ್ಧಕದಿಂದ ದೂರ ಕರೆದುಕೊಂಡು ಹೋಗಿ ಮಾತಾಡಿಸಿ. ಈಗ ಕೆಲಸ ಸಿಗುವುದು ಜಾಸ್ತಿ ಈ ಕಡೆಯೇ.

ತುಂಗಭದ್ರೆ:

ಎಲ್ಲರಿಗೂ ಧನ್ಯವಾದ. ಮೇಷ್ಟ್ರೇ, ನಿಮ್ಮ ಮಾತು ಅಪ್ಪನಿಗೆ ಓದಿ ಹೇಳಿದೆ. ಡ್ರಾಪ್ ಬಗ್ಗೆ ಮೇಲ್ ಕಳಿಸಿದ್ದೇನೆ. ಮೇಡಂ, ಒಂದೇ ಒಂದು ಪ್ರಶ್ನೆ ಉಳಿದಿದೆ. ಆಟ ಮುಗಿದ ತಕ್ಷಣ ಆಟಗಾರರನ್ನು ಏನು ಕೇಳಬೇಕು? 'ಗೆದ್ದಿದ್ದಕ್ಕೆ ಹೇಗನ್ನಿಸುತ್ತಿದೆ' ಬಿಟ್ಟು ನನಗೆ ಬೇರೆ ಏನೂ ಹೊಳೆಯುವುದಿಲ್ಲ.

ರಾತ್ರಿಪಾಳಿ:

ಅದಕ್ಕೆ 'ಖುಷಿ ಆಗ್ತಿದೆ' ಅನ್ನುವ ಉತ್ತರ ಬಿಟ್ಟು ಬೇರೆ ಬರುವುದಿಲ್ಲ. ಆಟ ನೋಡುವಾಗ ಒಂದು ಘಳಿಗೆ ಬರೆದಿಟ್ಟುಕೊಳ್ಳಿ, ಅದನ್ನೇ ಕೇಳಿ. ಖೋ ಖೋದಲ್ಲಾದರೆ 'ಎರಡನೇ ಸರದಿಯಲ್ಲಿ ಕಂಬದ ಹತ್ತಿರ ಅಷ್ಟು ಹೊತ್ತು ಯಾಕೆ ನಿಂತಿರಿ, ಅಟ್ಯಾಕರ್ ಯಾವ ಕಡೆ ಬರುತ್ತಾಳೆ ಅಂತ ಹೇಗೆ ಗೊತ್ತಾಯಿತು?' ಅಂತ. ಆಡಿದವಳು ನೀವು, ಇಂಥ ಪ್ರಶ್ನೆ ನನಗಿಂತ ಚೆನ್ನಾಗಿ ನಿಮಗೆ ಬರುತ್ತದೆ. ಒಂದು ಪ್ರಶ್ನೆ ಕೇಳಿ ಸುಮ್ಮನಿರಿ, ಅವರು ಯೋಚಿಸಲಿ. ಸೋತ ತಂಡದ ನಾಯಕಿಯನ್ನೂ ಮಾತಾಡಿಸಿ, ಆದರೆ ನೀರು ಕುಡಿದು ಕೂತ ಮೇಲೆ. ಪ್ರೆಸ್ ಬಾಕ್ಸ್‌ನಲ್ಲಿ ಚಪ್ಪಾಳೆ ಬೇಡ, ಸೆಲ್ಫಿ ಬೇಡ.

ನುಡಿ (ಕನ್ನಡ ಟೈಪಿಂಗ್ ತಂತ್ರಾಂಶ) ಕೀಬೋರ್ಡ್‌ನಲ್ಲಿ ಬೆರಳು ಓಡುವುದಿಲ್ಲ ಅಂದರೆ ಸೇರುವ ತನಕ ದಿನಾ ಸ್ವಲ್ಪ ಹೊತ್ತು ಅಭ್ಯಾಸ ಮಾಡಿ. ಮೊಬೈಲ್‌ನಲ್ಲಿ ಟೈಪ್ ಮಾಡಿ ಅಭ್ಯಾಸವಾದವರು ಡೆಸ್ಕ್‌ಗೆ ಬಂದ ಮೇಲೆ ತಡವರಿಸುವುದು ಅಲ್ಲಿಯೇ. ಮೇಲ್‌ಗೆ ಉತ್ತರ ಬಂದರೆ ಇಲ್ಲಿ ತಿಳಿಸಿ. ಡ್ರಾಪ್ ಇಲ್ಲ ಅಂದರೆ ಆಫೀಸ್ ಯಾವ ಏರಿಯಾ ಅಂತ ಹೇಳಿ, ಹತ್ತಿರದ ಪಿಜಿ ನಾನು ವಿಚಾರಿಸುತ್ತೇನೆ.