ವೋಲ್ಟೇಜ್ ಇಳಿದಾಗ ಮೋಟರ್ ಆಂಪ್ಸ್ ಏರುವುದೇಕೆ?

ಪ್ರಶ್ನೆ: ಅಣ್ಣ, ನಮ್ಮದು ತಿಪಟೂರು ಕಡೆ ತೆಂಗಿನ ತೋಟ. 800 ಅಡಿ ಆಳಕ್ಕೆ 5 ಎಚ್‌ಪಿ ತ್ರೀ ಫೇಸ್ ಮೋಟರ್ ಇಳಿಸಿದ್ದೇವೆ. ಬೆಳಿಗ್ಗೆ ಪ್ಯಾನಲ್ ಬೋರ್ಡ್‌ನಲ್ಲಿ 410 ವೋಲ್ಟ್, 9 ಆಂಪ್ಸ್ ತೋರಿಸುತ್ತದೆ. ಸಂಜೆ ಸುತ್ತಲಿನ ತೋಟದವರೆಲ್ಲ ಮೋಟರ್ ಹಾಕಿದಾಗ ವೋಲ್ಟೇಜ್ 330ಕ್ಕೆ ಬರುತ್ತದೆ, ಆಂಪ್ಸ್ ಮಾತ್ರ 11 ದಾಟುತ್ತದೆ. ಪವರ್ರೇ ಕಮ್ಮಿ ಇರುವಾಗ ಆಂಪ್ಸ್ ಹೇಗೆ ಜಾಸ್ತಿ ಆಗುತ್ತದೆ? ಆಂಪ್ಸ್ ಮಿತಿ ಮೀರಿದರೆ ಮೋಟರ್ ನಿಲ್ಲಿಸುವ ರಿಲೇ ಸುಮ್ನೆ ಟ್ರಿಪ್ ಆಗುತ್ತಿದೆ ಅಂತ ನಮ್ಮ ಭಾವ ಅದನ್ನು 12ಕ್ಕೆ ತಿರುಗಿಸಿದ್ದಾರೆ. ಹೋದ ವರ್ಷವಷ್ಟೇ ವೈಂಡಿಂಗ್ ಮಾಡಿಸಿದ್ದು. ಭಯ ಆಗುತ್ತಿದೆ.

ಉತ್ತರ: ಮೊದಲು ಆ ರಿಲೇಯನ್ನು ವಾಪಸ್ ತಿರುಗಿಸಿ, ಆಮೇಲೆ ಮುಂದೆ ಓದಿ. ಮೋಟರ್ ಮೇಲಿನ ಪ್ಲೇಟಿನಲ್ಲಿ ಫುಲ್ ಲೋಡ್ ಆಂಪ್ಸ್ ಎಷ್ಟು ಅಂತ ಇರುತ್ತದೆ, ಮೋಟರ್ ಜೊತೆ ಕೊಟ್ಟ ಕಾರ್ಡಿನಲ್ಲೂ ಇರುತ್ತದೆ. ರಿಲೇ ಅಲ್ಲಿಗೇ ನಿಲ್ಲಬೇಕು.

ಈಗ ಲೆಕ್ಕ. ತ್ರೀ ಫೇಸ್‌ನಲ್ಲಿ ವ್ಯಾಟ್ ಬೇಕಾದರೆ ವೋಲ್ಟನ್ನು ಆಂಪ್ಸ್‌ನಿಂದ ಗುಣಿಸಿ, ಅದನ್ನು 1.732ರಿಂದ, ಮತ್ತೆ ಪವರ್ ಫ್ಯಾಕ್ಟರ್‌ನಿಂದ ಗುಣಿಸಬೇಕು. ಪವರ್ ಫ್ಯಾಕ್ಟರ್ ಅಂದರೆ ಎಳೆದದ್ದರಲ್ಲಿ ನಿಜವಾದ ವ್ಯಾಟ್ ಆಗುವ ಪಾಲು, ಅದನ್ನು 0.8 ಅಂತ ಇಟ್ಟುಕೊಳ್ಳೋಣ. ನಿಮ್ಮ ಬೆಳಗಿನ ಲೆಕ್ಕ: 1.732 × 410 × 9 × 0.8. ಸುಮಾರು 5,100 ವ್ಯಾಟ್. ಒಂದು ಎಚ್‌ಪಿ ಅಂದರೆ 746 ವ್ಯಾಟ್, 5 ಎಚ್‌ಪಿಗೆ 3,730. ಹಾಗಾದರೆ ಉಳಿದದ್ದು ಎಲ್ಲಿ ಹೋಯಿತು? ಸ್ವಲ್ಪ ಕೇಬಲ್ಲಿನಲ್ಲಿ, ಹೆಚ್ಚಿನದು ಮೋಟರ್ ಒಳಗೇ ಬಿಸಿಯಾಗಿ ಹೋಯಿತು. ಬೋರಿನ ನೀರೊಳಗೆ ಇಳಿಸುವ ಇಂಥ ಸಬ್‌ಮರ್ಸಿಬಲ್ ಮೋಟರಿನಲ್ಲಿ ಅಷ್ಟು ನಷ್ಟ ಇದ್ದೇ ಇರುತ್ತದೆ.

ಸಂಜೆ ಆದರೂ ಬೋರ್ ಆಳ ಅದೇ, ಎತ್ತಬೇಕಾದ ನೀರೂ ಹೆಚ್ಚು ಕಮ್ಮಿ ಅಷ್ಟೇ. ಅಂದರೆ ಮೋಟರಿಗೆ ಆ 5,100 ವ್ಯಾಟ್ ಬೇಕೇ ಬೇಕು. ವೋಲ್ಟ್ 330ಕ್ಕೆ ಇಳಿದಾಗ ಅದೇ ವ್ಯಾಟಿಗೆ 11.2 ಆಂಪ್ಸ್ ಎಳೆಯಬೇಕಾಗುತ್ತದೆ. ನಿಮ್ಮ ಮೀಟರ್ ತೋರಿಸುತ್ತಿರುವುದು ಅದನ್ನೇ.

ಮೋಟರ್ ಒಳಗಿನ ತಂತಿ ಸುರುಳಿ, ಅಂದರೆ ಕಾಯಿಲ್, ಸುಡುವುದು ಆಂಪ್ಸ್‌ನಿಂದ. ಅದೂ ಆಂಪ್ಸ್‌ನ ವರ್ಗದ ಲೆಕ್ಕದಲ್ಲಿ. 9ರಿಂದ 11.2ಕ್ಕೆ ಏರಿದರೆ ಸುರುಳಿಯ ಬಿಸಿ ಒಂದೂವರೆ ಪಟ್ಟು ಆಗುತ್ತದೆ. ಸುಟ್ಟ ಮೋಟರ್ ಬಿಚ್ಚಿದಾಗ ಮೂರೂ ಫೇಸಿನ ಕಾಯಿಲ್ ಒಂದೇ ಸಮ ಕಪ್ಪಾಗಿದ್ದರೆ ನಾನು ಮೊದಲು ಕೇಳುವುದೇ ಸಂಜೆಯ ವೋಲ್ಟೇಜ್ ಎಷ್ಟಿತ್ತು ಅಂತ. ಒಂದು ಫೇಸ್ ಹೋಗಿ ಸುಟ್ಟಿದ್ದರೆ ಎಲ್ಲ ಕಾಯಿಲ್ ಒಂದೇ ಥರ ಇರುವುದಿಲ್ಲ, ಕೆಲವು ಕರಕಲು, ಕೆಲವು ಚೆನ್ನಾಗಿಯೇ ಇರುತ್ತವೆ.

ಇನ್ನೊಂದು ವಿಷಯ. 330 ಅನ್ನುವುದು ಪ್ಯಾನಲ್ ಹತ್ತಿರದ ಲೆಕ್ಕ. ಕೇಬಲ್ ಎಷ್ಟು ಸ್ಕ್ವೇರ್ ಎಂಎಂ ಹಾಕಿದ್ದೀರಿ?

ಪ್ರಶ್ನೆ: 2.5 ಅಣ್ಣ. ತಾಮ್ರದ್ದೇ.

ಉತ್ತರ: 800 ಅಡಿ ಅಂದರೆ ಹತ್ತಿರ ಹತ್ತಿರ 250 ಮೀಟರ್. ಆ ಉದ್ದಕ್ಕೆ 2.5ರ ಕೇಬಲ್‌ನಲ್ಲಿ 9 ಆಂಪ್ಸ್ ಹರಿದರೆ ಸುಮಾರು 25 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಸಂಜೆ ಇನ್ನೂ ಸ್ವಲ್ಪ ಜಾಸ್ತಿ. ಅಂದರೆ ಕೆಳಗಿನ ಮೋಟರಿಗೆ ಸಿಗುವುದು 300ರ ಆಸುಪಾಸು. ಮುಂದಿನ ಸಲ ಮೋಟರ್ ಎತ್ತಿದಾಗ 4 ಸ್ಕ್ವೇರ್ ಎಂಎಂ ಹಾಕಿಸಿ, ನಷ್ಟ 15 ವೋಲ್ಟಿಗೆ ಬರುತ್ತದೆ. ದುಡ್ಡು ಜಾಸ್ತಿ, ನಿಜ. ಆದರೆ ಪೈಪ್ ಎತ್ತುವ ಕೂಲಿ, ವೈಂಡಿಂಗ್, ನೀರಿಲ್ಲದೆ ಒಣಗುವ ತೋಟ, ಎಲ್ಲವನ್ನೂ ಸೇರಿಸಿ ನೋಡಿ.

ಇನ್ನೊಬ್ಬರ ಪ್ರಶ್ನೆ: ಸರ್, ನಮ್ಮ ಮನೆ ಗೀಸರ್ ಹಾಗೆ ಮಾಡುವುದಿಲ್ಲ. ವೋಲ್ಟೇಜ್ ಇಳಿದರೆ ನೀರು ಬಿಸಿಯಾಗುವುದೇ ಇಲ್ಲ. ಸೂತ್ರ ಒಂದೇ ಅಲ್ವಾ?

ಉತ್ತರ: ಒಳ್ಳೆಯ ಪ್ರಶ್ನೆ ಅಮ್ಮ. ಸೂತ್ರ ಒಂದೇ, ಬದಲಾಗದೆ ನಿಲ್ಲುವ ವಸ್ತು ಬೇರೆ. ಮೋಟರಿನಲ್ಲಿ ಕೆಲಸ ಬದಲಾಗುವುದಿಲ್ಲ. ಗೀಸರಿನಲ್ಲಿ ಕಾಯಿಲಿನ ಓಮ್ ಬದಲಾಗುವುದಿಲ್ಲ. 2,000 ವ್ಯಾಟ್ ಗೀಸರ್ 230 ವೋಲ್ಟಿನಲ್ಲಿ 8.7 ಆಂಪ್ಸ್ ಎಳೆಯುತ್ತದೆ. 180 ವೋಲ್ಟಿಗೆ ಇಳಿದರೆ 6.8 ಆಂಪ್ಸ್ ಅಷ್ಟೇ, ವ್ಯಾಟ್ ಸುಮಾರು 1,225. ನೀರು ನಿಧಾನ ಕಾಯುತ್ತದೆ, ಗೀಸರಿಗೆ ಏನೂ ಆಗುವುದಿಲ್ಲ. ಫ್ರಿಜ್ ಮಾತ್ರ ನೋಡಿಕೊಳ್ಳಿ, ಅದರೊಳಗೂ ಮೋಟರ್ ಇದೆ.

ಮತ್ತೊಬ್ಬರ ಪ್ರಶ್ನೆ: ನಮ್ಮದು 10 ಎಚ್‌ಪಿ, ಸ್ಟಾರ್ ಡೆಲ್ಟಾ ಸ್ಟಾರ್ಟರ್ (ಕಾಯಿಲಿಗೆ ಮೊದಲು ಕಮ್ಮಿ ವೋಲ್ಟ್ ಕೊಟ್ಟು ಶುರು ಮಾಡಿ ಆಮೇಲೆ ಪೂರ್ತಿ ಕೊಡುವಂಥದ್ದು). ಪ್ಲೇಟಿನಲ್ಲಿ 18 ಆಂಪ್ಸ್ ಇದೆ. ರಿಲೇ 18ಕ್ಕೇ ಇಡಬೇಕಾ?

ಉತ್ತರ: ಬೇಡ. ಸ್ಟಾರ್ ಡೆಲ್ಟಾದಲ್ಲಿ ರಿಲೇ ಸಾಮಾನ್ಯವಾಗಿ ಕಾಯಿಲಿನ ದಾರಿಯಲ್ಲಿರುತ್ತದೆ, ಲೈನಿನಲ್ಲಲ್ಲ. ಕಾಯಿಲಿನಲ್ಲಿ ಹರಿಯುವುದು ಲೈನಿನ ಆಂಪ್ಸ್‌ನ 0.58 ಪಾಲು ಮಾತ್ರ, ಹಾಗಿದ್ದರೆ 18ನ್ನು 0.58ರಿಂದ ಗುಣಿಸಿ, 10.4 ಬರುತ್ತದೆ. ನಿಮ್ಮ ಎಲೆಕ್ಟ್ರಿಷಿಯನ್ ಹತ್ತಿರ ರಿಲೇ ಎಲ್ಲಿ ಕೂತಿದೆ ಅಂತ ಒಮ್ಮೆ ಖಾತ್ರಿ ಮಾಡಿಕೊಳ್ಳಿ.

ಮೊದಲು ಕೇಳಿದವರು: ಅಣ್ಣ, ಕಾರ್ಡ್ ಸಿಕ್ಕಿತು. ಪ್ಲೇಟ್ ಆಂಪ್ಸ್ 9.5. ಅಲ್ಲಿಗೇ ತಂದಿದ್ದೇನೆ. ಆದರೆ ಸಂಜೆ ಹತ್ತೇ ನಿಮಿಷಕ್ಕೆ ಟ್ರಿಪ್ ಆಯಿತು.

ಉತ್ತರ: ಆಗಲೇಬೇಕು, ಅದು ನಿಮ್ಮ ಮೋಟರನ್ನು ಉಳಿಸಿತು. 350ಕ್ಕಿಂತ ಕೆಳಗಿದ್ದಾಗ ಮೋಟರ್ ಹಾಕಬೇಡಿ. ಕರೆಂಟ್ ಬಂದ ಕೂಡಲೇ ತಾನೇ ಮೋಟರ್ ಹಾಕುವ ಆಟೋ ಸ್ಟಾರ್ಟರ್ ಇದ್ದರೆ ಸಂಜೆ ಆಫ್ ಮಾಡಿಡಿ. ಶುರುವಾಗುವಾಗ ಮೋಟರ್ ಐದಾರು ಪಟ್ಟು ಆಂಪ್ಸ್ ಎಳೆಯುತ್ತದೆ, ಕಮ್ಮಿ ವೋಲ್ಟಿನಲ್ಲಿ ಆ ಎಳೆತ ಜಾಸ್ತಿ ಹೊತ್ತು ಇರುತ್ತದೆ. ನಿಮಗೆ ಬೆಳಗಿನ ಪಾಳಿ ಇದೆಯಲ್ಲ, ಆಗ 410 ಇರುತ್ತದೆ. ಆಗಲೇ ಬಿಟ್ಟುಕೊಳ್ಳಿ.