ಸಹಾಯ ಬೇಕು: 60 ದಾಟಿದರೆ ಪಿಕಪ್ ನಡುಗುತ್ತದೆ

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆಯವನು, ಪಿಕಪ್‌ನಲ್ಲಿ ಅಡಿಕೆ, ಬಾಳೆಕಾಯಿ ಸಾಗಿಸುತ್ತೇನೆ. ಎರಡು ತಿಂಗಳಿಂದ ಗಾಡಿ 60 ದಾಟಿದ ಕೂಡಲೇ ನಡುಗುತ್ತದೆ. ದೇವಿಮನೆ ಘಟ್ಟದಲ್ಲಿ ನಿಧಾನ ಇಳಿಯುವಾಗ ಏನೂ ಗೊತ್ತಾಗುವುದಿಲ್ಲ. ಕುಮಟಾದ ಹತ್ತಿರ ಹೆದ್ದಾರಿ 66 ಹಿಡಿದರೆ ಶುರು. ಸ್ಟೇರಿಂಗ್ ಅಷ್ಟು ಅಲ್ಲಾಡುವುದಿಲ್ಲ, ಸೀಟು ಮತ್ತು ಕಾಲಡಿಯೇ ಗುಂಯ್ ಅನ್ನುತ್ತದೆ.

ನಾಲ್ಕೂ ಚಕ್ರ ಬ್ಯಾಲೆನ್ಸ್ ಮಾಡಿಸಿದೆ. ಟೈರ್ ಹಿಂದೆ ಮುಂದೆ ಬದಲಿಸಿ ನೋಡಿದೆ. ಪ್ರೊಪೆಲ್ಲರ್ ಶಾಫ್ಟಿನ (ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆ ಹೋಗುವ ಉದ್ದ ಶಾಫ್ಟ್) ಕ್ರಾಸ್‌ಗಳನ್ನೂ, ಅಂದರೆ ಅದರ ಕೀಲುಗಳನ್ನೂ, ಹೊಸದು ಹಾಕಿಸಿದೆ. ಖಾಲಿ ನೇರ ರಸ್ತೆಯಲ್ಲಿ ಅದೇ ವೇಗಕ್ಕೆ ಗಾಡಿ ನ್ಯೂಟ್ರಲ್ ಮಾಡಿದರೂ ನಡುಕ ಹಾಗೇ ಇದೆ. ಅಂದರೆ ಎಂಜಿನ್‌ದಲ್ಲ, ಅಲ್ವಾ?

ನನಗೆ ಅರ್ಥವಾಗದೇ ಇರುವುದು ಇದು: ಲೋಡ್ ಇದ್ದಾಗ ನಡುಕ ಕಡಿಮೆ, ಖಾಲಿ ಬರುವಾಗ ಜಾಸ್ತಿ. ಇದೆಲ್ಲ ಶುರುವಾಗುವ ಸ್ವಲ್ಪ ಮೊದಲು ಹಿಂದಿನ ಸ್ಪ್ರಿಂಗಿಗೆ ಒಂದೊಂದು ಲೀಫ್ (ಪಟ್ಟಿ) ಹೆಚ್ಚಿಗೆ ಹಾಕಿಸಿದ್ದೆ. ಹಿಂಭಾಗ ಎತ್ತರವಾಗಿ ಶಾಫ್ಟಿನ ಕೋನ ತಪ್ಪಿರಬಹುದಾ? ಒಬ್ಬ ಮೆಕ್ಯಾನಿಕ್ ಶಾಫ್ಟನ್ನು ನಡುವೆ ಹಿಡಿದಿರುವ ಸೆಂಟರ್ ಬೇರಿಂಗ್ ಬದಲಿಸಿ ಅನ್ನುತ್ತಾರೆ, ಇನ್ನೊಬ್ಬರು ಶಾಫ್ಟ್ ಬಿಚ್ಚಿ ಬ್ಯಾಲೆನ್ಸ್ ಮಾಡಿಸಿ ಅನ್ನುತ್ತಾರೆ. ಸುಮ್ನೆ ಒಂದೊಂದೇ ಬದಲಿಸುತ್ತಾ ಹೋಗಲು ದುಡ್ಡಿಲ್ಲ. ಬಾಡಿಗೆಯೂ ತಪ್ಪುತ್ತಿದೆ.

ಹೆಚ್ಚಿಗೆ ಹಾಕಿದ ಲೀಫ್ ತೆಗೆಸಿ ಮೊದಲು ಓಡಿಸಿ ನೋಡಲಾ, ಇಲ್ಲ ನೇರ ಸೆಂಟರ್ ಬೇರಿಂಗ್ ಬದಲಿಸಲಾ? ಶಿರಸಿ, ಕುಮಟಾ ಅಥವಾ ಹುಬ್ಬಳ್ಳಿಯಲ್ಲಿ ಶಾಫ್ಟ್ ಬ್ಯಾಲೆನ್ಸ್ ಎಲ್ಲಿ ಮಾಡುತ್ತಾರೆ?